ಅಚ್ಚಿನ ಅಂದಕ್ಕಾಗಿ ಹತ್ತು ವರ್ಷ

ಅಚ್ಚುಕೂಟದಿಂದ ಬಂದ ಕರಡಚ್ಚನ್ನು ಕಂಡು ಮುಖ ಸಿಂಡರಿಸದ ಗ್ರಂಥಕರ್ತರು ಅಪರೂಪ. ಕಾಗುಣಿತ ತಪ್ಪಿರುತ್ತದೆ, ಸಾಲು ಬಿಟ್ಟುಹೋಗಿರುತ್ತದೆ, ಮೊಳೆ ಸವೆದು ಅಕ್ಷರದ ಮೂಗು ಮುರಿದಿರುತ್ತದೆ. ಅವರು ತಿದ್ದುತ್ತಾರೆ, ಗೊಣಗುತ್ತಾರೆ, ಪ್ರಕಾಶಕರಿಗೆ ಖಾರವಾದ ಕಾಗದವೊಂದನ್ನು ಬರೆಯುತ್ತಾರೆ. ಕೊನೆಗೆ ಬಂದದ್ದನ್ನು ಒಪ್ಪಿಕೊಳ್ಳುತ್ತಾರೆ. ೧೯೭೭ನೆಯ ಇಸವಿಯ ಮಾರ್ಚ್ ತಿಂಗಳ ಕೊನೆಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೊಬ್ಬರ ಕೈಗೂ ಅಂಥ ಕರಡಚ್ಚಿನ ಕಟ್ಟೊಂದು ಬಂದಿತು. ಅವರು ಮಾತ್ರ ಒಪ್ಪಿಕೊಳ್ಳಲಿಲ್ಲ. ಬರೆಯುತ್ತಿದ್ದ ಮಹಾಗ್ರಂಥವನ್ನು ಬದಿಗಿಟ್ಟು, ಪುಸ್ತಕವನ್ನು ಅಚ್ಚಿಗೆ ಅಣಿಗೊಳಿಸುವ ವಿದ್ಯೆಯನ್ನೇ ಬುಡದಿಂದ ಹೊಸದಾಗಿ ಕಟ್ಟಲು ಹೊರಟರು. ಒಂದು ವರ್ಷದ ಕೆಲಸವೆಂದು ಎಣಿಸಿದ್ದರು. ಹತ್ತು ವರ್ಷ ಹಿಡಿಯಿತು.

ಅವರೇ ಡೊನಾಲ್ಡ್ ಎರ್ವಿನ್ ಕ್ನೂತ್. ಗಣಕಯಂತ್ರಗಳ ಶಾಸ್ತ್ರವನ್ನು ಅಭ್ಯಾಸಮಾಡಿದವರಿಗೆ ಈ ಹೆಸರು ಹೊಸದಲ್ಲ. ಆ ಶಾಸ್ತ್ರದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ೧೯೭೪ರಲ್ಲಿ, ಮೂವತ್ತಾರನೆಯ ವಯಸ್ಸಿಗೇ ಅವರಿಗೆ ಸಂದಿತ್ತು. ಅವರ ವಿದ್ವತ್ತಿನ ಆಳ ತಿಳಿಯಬೇಕಾದರೆ ಗಣಿತ ಬೇಕು. ಆದರೆ ಓದುವ ಕಣ್ಣಿಗೆ ಆದ ನೋವಿನಿಂದ ಅವರು ಒಂದು ಉಪಕರಣವನ್ನು ನಿರ್ಮಿಸಿದ ಕಥೆ, ಆ ನಿರ್ಮಾಣದ ನಡುವೆ ಅವರು ಕಂಡುಕೊಂಡ ವಿಚಾರಗಳು, ಗಣಿತದ ಗಂಧವಿಲ್ಲದವರಿಗೂ ರುಚಿಸತಕ್ಕವು.

ಎಣಿಸುತ್ತ ಓದಿದ ಹುಡುಗ

ಕ್ನೂತ್ ಹುಟ್ಟಿದ್ದು ೧೯೩೮ರ ಜನವರಿ ೧೦ರಂದು, ವಿಸ್ಕಾನ್ಸಿನ್ ಪ್ರಾಂತದ ಮಿಲ್ವಾಕಿ ನಗರದಲ್ಲಿ. ತಂದೆ ಲೂಥರನ್ ಪಂಥದ ಶಾಲೆಯಲ್ಲಿ ಉಪಾಧ್ಯಾಯರು. ಮನೆಯ ನೆಲಮಾಳಿಗೆಯಲ್ಲಿ ಪ್ರತಿ ತೆಗೆಯುವ ಯಂತ್ರವೊಂದನ್ನು ಇಟ್ಟುಕೊಂಡು ಸಣ್ಣಪುಟ್ಟ ಮುದ್ರಣದ ಕೆಲಸವನ್ನೂ ಅವರು ಮಾಡುತ್ತಿದ್ದರು. ಮಸಿಯ ವಾಸನೆ ಹೀಗೆ ಮಗನಿಗೆ ಮನೆಯಲ್ಲಿಯೇ ಪರಿಚಯವಾಯಿತು. ಊರಿನ ಸಾರ್ವಜನಿಕ ಪುಸ್ತಕ ಭಂಡಾರದ ಮಕ್ಕಳ ಓದುಗ ಸಂಘದಲ್ಲಿ ಅವನೇ ಎಲ್ಲರಿಗಿಂತ ಕಿರಿಯ ಸದಸ್ಯ.

ಆದರೆ ಆ ಹುಡುಗನ ಓದು ಉಳಿದ ಮಕ್ಕಳ ಓದಿನಂತಿರಲಿಲ್ಲ. ಇಂಗ್ಲಿಷ್ ಅಚ್ಚಕ್ಷರಗಳ ತಲೆಯಲ್ಲಿಯೂ ಪಾದದಲ್ಲಿಯೂ ಸಣ್ಣ ಸಣ್ಣ ಅಡ್ಡಗೆರೆಗಳಿರುವುದನ್ನು ಎಲ್ಲರೂ ಕಂಡಿರುತ್ತಾರೆ. ಮುದ್ರಕರು ಅವನ್ನು ‘ಸೆರಿಫ್’ ಎನ್ನುತ್ತಾರೆ. ಪುಟ್ಟ ಡೊನಾಲ್ಡ್ ತನ್ನ ಅಕ್ಷರಮಾಲೆಯ ಪುಸ್ತಕದಲ್ಲಿ ಅಂಥ ಒಂದೊಂದು ಗೆರೆಯ ಪಕ್ಕದಲ್ಲಿಯೂ ಗುರುತು ಹಾಕಿ, ಯಾವ ಅಕ್ಷರಕ್ಕೆ ಎಷ್ಟು ಎಂದು ಲೆಕ್ಕ ಬರೆದಿಟ್ಟಿದ್ದ. ದುಂಡಗಿನ ‘ಓ’ ಅಕ್ಷರಕ್ಕೆ ಸೊನ್ನೆ! ೧೯೯೬ರಲ್ಲಿ ಜಪಾನಿನ ಕ್ಯೋಟೋ ಪ್ರಶಸ್ತಿಯನ್ನು ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿ ಅವರು ಈ ಪುಸ್ತಕವನ್ನು ನೆನೆದುಕೊಂಡರು. ಅಕ್ಷರಗಳು ಸೇರಿ ಏನು ಹೇಳುತ್ತವೆ ಎಂಬುದರ ಜೊತೆಗೆ, ಅವು ಹೇಗೆ ನಿಂತಿವೆ ಎಂಬುದೂ ಆ ಮಗುವಿನ ಕಣ್ಣಿಗೆ ಬಿದ್ದಿತ್ತು.

ಎಂಟನೆಯ ತರಗತಿಯಲ್ಲಿದ್ದಾಗ ಮಿಠಾಯಿ ತಯಾರಕರೊಬ್ಬರು ಒಂದು ಸ್ಪರ್ಧೆಯನ್ನು ಏರ್ಪಡಿಸಿದರು. ‘ಝೀಗ್ಲರ್ಸ್ ಜಯಂಟ್ ಬಾರ್’ ಎಂಬ ಮಿಠಾಯಿಯ ಹೆಸರಿನಲ್ಲಿರುವ ಅಕ್ಷರಗಳಿಂದ ಎಷ್ಟು ಪದಗಳನ್ನು ಮಾಡಬಹುದು? ಡೊನಾಲ್ಡ್ ಹೊಟ್ಟೆನೋವಿನ ನೆವ ಹೇಳಿ ಎರಡು ವಾರ ಶಾಲೆ ತಪ್ಪಿಸಿ, ದೊಡ್ಡ ನಿಘಂಟನ್ನು ಎದುರಿಗಿಟ್ಟುಕೊಂಡು ಕುಳಿತ. ತೀರ್ಪುಗಾರರ ಪಟ್ಟಿಯಲ್ಲಿದ್ದುದು ಸುಮಾರು ೨೫೦೦ ಪದ. ಹುಡುಗ ತಂದೊಪ್ಪಿಸಿದ್ದು ಸುಮಾರು ೪೫೦೦. ಬಹುಮಾನವಾಗಿ ಶಾಲೆಗೆ ಒಂದು ಟೆಲಿವಿಷನ್ ಪೆಟ್ಟಿಗೆಯೂ ಸಹಪಾಠಿಗಳಿಗೆಲ್ಲ ಮಿಠಾಯಿಯೂ ದೊರೆತವು. ಹೊಟ್ಟೆನೋವಿನ ವಿಚಾರವನ್ನು ಆಮೇಲೆ ಯಾರೂ ಕೆದಕಿದಂತೆ ಕಾಣುವುದಿಲ್ಲ.

೧೯೫೬ರಲ್ಲಿ ಕ್ಲೀವ್‌ಲೆಂಡ್ ನಗರದ ಕೇಸ್ ವಿದ್ಯಾಸಂಸ್ಥೆಯನ್ನು ಸೇರಿದಾಗ ಅಲ್ಲಿ ಐ.ಬಿ.ಎಂ. ೬೫೦ ಎಂಬ ಗಣಕಯಂತ್ರವಿತ್ತು. ಅದರ ಕೈಪಿಡಿಯಲ್ಲಿ ಮಾದರಿಗಾಗಿ ಕೆಲವು ಪ್ರೋಗ್ರಾಮುಗಳನ್ನು, ಎಂದರೆ ಯಂತ್ರವು ಒಂದರ ಮೇಲೊಂದರಂತೆ ನಡೆಸಬೇಕಾದ ಆಜ್ಞೆಗಳ ಸರಣಿಗಳನ್ನು, ಕೊಟ್ಟಿದ್ದರು. ತರುಣ ಕ್ನೂತರು ಅವನ್ನು ಕಥೆ ಓದುವಂತೆ ಓದಿದರು. ಓದಿ, ಇದಕ್ಕಿಂತ ಚೆನ್ನಾಗಿ ತಾನೇ ಬರೆಯಬಲ್ಲೆನೆಂದುಕೊಂಡರು. ಆ ಕೈಪಿಡಿಯ ಬರಹ ಅಷ್ಟು ಒರಟಾಗಿರದಿದ್ದರೆ ತಾವು ಈ ದಾರಿಯನ್ನು ಹಿಡಿಯುತ್ತಲೇ ಇರಲಿಲ್ಲವೇನೋ ಎಂದು ಅವರು ನಗುತ್ತ ಹೇಳುವುದುಂಟು. ಕೆಲವು ದಿನಗಳಲ್ಲಿಯೇ ಬೇರೊಬ್ಬ ನಿಪುಣ ಬರೆದ ಪ್ರೋಗ್ರಾಮು ಅವರ ಕೈಗೆ ಸಿಕ್ಕಿತು. ಅದನ್ನು ಓದಿದಾಗ ಸಂಗೀತ ಕೇಳಿದ ಸುಖವಾಯಿತಂತೆ. ಯಂತ್ರಕ್ಕಾಗಿ ಬರೆದದ್ದನ್ನೂ ಮನುಷ್ಯ ರಸಜ್ಞತೆಯಿಂದ ಓದಬಹುದು ಎಂಬ ಈ ಅನುಭವ ಮುಂದೆ ಅವರ ವಿಚಾರಕ್ಕೆಲ್ಲ ತಳಹದಿಯಾಯಿತು. ತಮ್ಮ ಮಹಾಗ್ರಂಥವನ್ನು ಅವರು ಅರ್ಪಿಸಿದ್ದು ಗುರುವಿಗಲ್ಲ, ಹೆಂಡತಿಗೂ ಅಲ್ಲ; ಕೇಸ್ ಸಂಸ್ಥೆಯಲ್ಲಿದ್ದ ಆ ಹಳೆಯ ಯಂತ್ರಕ್ಕೆ.

ಒಂದು ಪುಸ್ತಕ ಏಳಾದ ಬಗೆ

ಮಹಾಗ್ರಂಥದ ಹುಟ್ಟೂ ಸ್ವಾರಸ್ಯವಾದದ್ದೇ. ೧೯೬೨ರ ಜನವರಿಯಲ್ಲಿ, ಕ್ನೂತ್ ಇನ್ನೂ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ, ಪ್ರಕಾಶಕರೊಬ್ಬರ ಪ್ರತಿನಿಧಿ ಬಂದು ಗಣಕಗಳ ವಿಷಯವಾಗಿ ಒಂದು ಪುಸ್ತಕ ಬರೆದುಕೊಡಬೇಕೆಂದು ಕೇಳಿದರು. ಅದೇ ದಿನ ಹನ್ನೆರಡು ಅಧ್ಯಾಯಗಳ ಹೆಸರುಗಳು ಕಾಗದದ ಮೇಲೆ ಮೂಡಿದವು. ಬರೆಯುತ್ತ ಹೋದಂತೆ ೧೯೬೫ರ ಹೊತ್ತಿಗೆ ಕೈಬರಹದ ಪುಟಗಳೇ ಮೂರು ಸಾವಿರವಾದವು. ತಮ್ಮ ಕೈಬರಹದ ಐದು ಪುಟ ಅಚ್ಚಿನಲ್ಲಿ ಒಂದು ಪುಟವಾದೀತೆಂದು ಅವರ ಅಂದಾಜು. ಒಂದೂವರೆ ಪುಟಕ್ಕೇ ಒಂದು ಅಚ್ಚಿನ ಪುಟ ತುಂಬುವುದೆಂದು ಪ್ರಕಾಶಕರು ತಿಳಿಸಿದಾಗ, ಪುಸ್ತಕ ಎರಡು ಸಾವಿರ ಪುಟಗಳ ಪರ್ವತವಾಗಿ ಎದ್ದು ನಿಂತಿತ್ತು. ಅದನ್ನು ಏಳು ಸಂಪುಟಗಳಾಗಿ ಒಡೆಯುವುದೆಂದು ತೀರ್ಮಾನವಾಯಿತು. ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಎಂಬ ಆ ಗ್ರಂಥದ ಮೊದಲ ಸಂಪುಟ ೧೯೬೮ರಲ್ಲಿ, ಎರಡನೆಯದು ೧೯೬೯ರಲ್ಲಿ, ಮೂರನೆಯದು ೧೯೭೩ರಲ್ಲಿ ಹೊರಬಂದವು. ಹೆಸರಿನಲ್ಲಿಯೇ ‘ಕಲೆ’ ಎಂಬ ಪದವಿರುವುದನ್ನು ಗಮನಿಸಬೇಕು.

ಈ ಸಂಪುಟಗಳನ್ನು ಹಳೆಯ ಪದ್ಧತಿಯಲ್ಲಿ, ಕಾಯಿಸಿದ ಸೀಸವನ್ನು ಎರಕ ಹೊಯ್ದು ಮೊಳೆ ತೆಗೆಯುವ ಮಾನೊಟೈಪ್ ಯಂತ್ರದ ನೆರವಿನಿಂದ ಜೋಡಿಸಿದ್ದರು. ಗಣಿತದ ಪುಟವನ್ನು ಜೋಡಿಸುವುದು ಸಾಮಾನ್ಯ ಕೆಲಸವಲ್ಲ. ಅಕ್ಷರದ ಹೆಗಲ ಮೇಲೊಂದು ಪುಟ್ಟ ಅಂಕಿ, ಕಾಲ ಬಳಿ ಇನ್ನೊಂದು, ಭಿನ್ನರಾಶಿಯ ಗೆರೆಯ ಮೇಲೂ ಕೆಳಗೂ ಮತ್ತೆ ಅಂಥವೇ. ನುರಿತ ಕೈಗಳು ಬೇಕು. ಎಪ್ಪತ್ತರ ದಶಕದ ನಡುವಿಗೆ ಅಂಥ ಕುಶಲಿಗಳೂ ಅವರ ಯಂತ್ರಗಳೂ ಅಮೆರಿಕದಲ್ಲಿ ಕಣ್ಮರೆಯಾಗುತ್ತಿದ್ದರು. ಅವರ ಜಾಗಕ್ಕೆ ಛಾಯಾಚಿತ್ರದ ತತ್ತ್ವದ ಮೇಲೆ ಅಕ್ಷರ ಮೂಡಿಸುವ ಅಗ್ಗದ ವಿಧಾನ ಬಂದಿತು. ಎರಡನೆಯ ಸಂಪುಟದ ಪರಿಷ್ಕೃತ ಮುದ್ರಣಕ್ಕೆ ಆ ವಿಧಾನದಲ್ಲಿ ತಯಾರಾಗಿ ಬಂದದ್ದೇ ಮೇಲೆ ಹೇಳಿದ ಕರಡಚ್ಚು. ಅಕ್ಷರಗಳ ನಡುವಣ ಎಡೆ ಏರುಪೇರಾಗಿ, ಸಣ್ಣ ಅಂಕಿಗಳು ಬೇರಾವುದೋ ಮನೆಯವರಂತೆ ಕಾಣುತ್ತಿದ್ದವು. ಹದಿನೈದು ವರ್ಷ ದುಡಿದು ಬರೆದದ್ದು ಹೀಗೆ ಕಾಣುವುದಾದರೆ ಮುಂದಿನ ಸಂಪುಟಗಳನ್ನು ಬರೆಯುವ ಉತ್ಸಾಹವಾದರೂ ಎಲ್ಲಿಂದ ಬರಬೇಕು ಎಂದು ಕ್ನೂತ್ ಕಂಗೆಟ್ಟರು. ಇದನ್ನು ಹಟ ಎನ್ನುವವರೂ ಉಂಟು. ಸುಂದರವಾಗಿ ನೇಯ್ದ ಸೀರೆಗೆ ಬಣ್ಣ ಹಾಳುಮಾಡಿ ಕೊಟ್ಟರೆ ನೇಕಾರನಿಗೆ ಆಗುವ ಸಂಕಟವನ್ನು ಅರಿತವರು ಹಾಗೆನ್ನಲಾರರು.

ದಾರಿ ತೋರಿದ್ದು ಒಂದು ಆಕಸ್ಮಿಕ. ಅದೇ ವರ್ಷದ ಫೆಬ್ರವರಿಯಲ್ಲಿ, ವಿದ್ಯಾರ್ಥಿಗಳು ಓದಬೇಕಾದ ಪುಸ್ತಕಗಳ ಪಟ್ಟಿಯನ್ನು ತಯಾರಿಸುವ ಸಮಿತಿಯಲ್ಲಿ ಕ್ನೂತ್ ಇದ್ದರು. ಸಮಿತಿಯ ಮುಂದೆ ಪ್ಯಾಟ್ರಿಕ್ ವಿನ್‌ಸ್ಟನ್ ಎಂಬವರ ಇನ್ನೂ ಪ್ರಕಟವಾಗದಿದ್ದ ಪುಸ್ತಕದ ಕರಡಚ್ಚು ಬಂದಿತು. ಅದನ್ನು ಹೊಸ ಬಗೆಯ ಯಂತ್ರವೊಂದರಲ್ಲಿ, ಒಂದು ಅಂಗುಲಕ್ಕೆ ಸಾವಿರಕ್ಕೂ ಹೆಚ್ಚು ಚುಕ್ಕೆಗಳಂತೆ ಬರೀ ಚುಕ್ಕೆಗಳಿಂದಲೇ ಮೂಡಿಸಲಾಗಿತ್ತು. ಆದರೂ ಸೀಸದ ಮೊಳೆಯ ಅಚ್ಚಿಗೆ ಅದು ಸಾಟಿಯಾಗಿತ್ತು. ಆಗ ಅವರಿಗೆ ಹೊಳೆಯಿತು: ಎಷ್ಟೇ ಸುಂದರವಾದ ಪುಟವಾದರೂ ಕೊನೆಗೆ ಎಲ್ಲಿ ಮಸಿ, ಎಲ್ಲಿ ಖಾಲಿ ಎಂಬ ಲೆಕ್ಕವಷ್ಟೆ. ಮಸಿಗೆ ಒಂದು, ಖಾಲಿಗೆ ಸೊನ್ನೆ. ಒಂದು ಸೊನ್ನೆಗಳ ಲೆಕ್ಕವೆಂದರೆ ಗಣಕದ ಕೆಲಸ. ಗಣಕದ ಕೆಲಸವೆಂದರೆ ತನ್ನ ಕೆಲಸ! ಪರರ ಕೈಯಲ್ಲಿದ್ದ ಕಷ್ಟ ತನ್ನ ಕೈಗೇ ಬಂದಿತ್ತು.

ತಾನೇ ಕಟ್ಟಬೇಕು, ತಾನೇ ಬಳಸಬೇಕು

ಮೇ ತಿಂಗಳ ಒಂದು ರಾತ್ರಿ ಕುಳಿತು, ೧೩ನೆಯ ತಾರೀಖಿನ ಬೆಳಗಿನ ಜಾವದ ಹೊತ್ತಿಗೆ ಅವರು ತಮ್ಮ ಕಲ್ಪನೆಯ ಉಪಕರಣದ ಲಕ್ಷಣಗಳನ್ನೆಲ್ಲ ಬರೆದು ಮುಗಿಸಿದರು. ಹೆಸರು ‘ಟೆಕ್’. ಕಲೆ, ಕುಶಲವಿದ್ಯೆ ಎರಡಕ್ಕೂ ಒಂದೇ ಮಾತಾದ ಗ್ರೀಕ್ ಪದವೊಂದರ ಮೊದಲ ಮೂರು ಅಕ್ಷರಗಳವು. ಕೊನೆಯ ವ್ಯಂಜನವನ್ನು ಗ್ರೀಕರಂತೆ ಗಂಟಲಿನಿಂದ ಹೊರಡಿಸಬೇಕು. ಸರಿಯಾಗಿ ಉಚ್ಚರಿಸಿದರೆ ಎದುರಿನ ಗಣಕದ ಪರದೆ ತುಸು ಒದ್ದೆಯಾಗಬೇಕೆಂದು ಅವರ ವಿನೋದ.

ಬರೆದ ನಕ್ಷೆಯನ್ನು ಇಬ್ಬರು ಶಿಷ್ಯರ, ಮೈಕಲ್ ಪ್ಲಾಸ್ ಮತ್ತು ಫ್ರಾಂಕ್ ಲಿಯಾಂಗ್ ಅವರ ಕೈಗೆ ಕೊಟ್ಟು ಕ್ನೂತ್ ಬೇಸಗೆಯಲ್ಲಿ ಚೀನಾ ಪ್ರವಾಸಕ್ಕೆ ಹೊರಟರು. ಹಿಂದಿರುಗುವ ವೇಳೆಗೆ ಕೆಲಸ ಬಹುಮಟ್ಟಿಗೆ ಮುಗಿದಿರಬಹುದೆಂದು ನಂಬಿಕೆ. ಬಂದು ನೋಡಿದರೆ ಶಿಷ್ಯರು ಮಾಡಿದ್ದು ನಕ್ಷೆಯ ಒಂದು ಸಣ್ಣ ಅಂಶವನ್ನು ಮಾತ್ರ. ಮೊದಲು ನಿರಾಶೆಯಾಯಿತು. ಆಮೇಲೆ ತಾವೇ ಬರೆಯಲು ಕುಳಿತಾಗ ಆ ಇಬ್ಬರೂ ಎಂಥ ಸಾಹಸ ಮಾಡಿದ್ದರೆಂದು ಅರಿವಾಯಿತು. ಪ್ರತಿ ಹತ್ತಿಪ್ಪತ್ತು ಸಾಲಿಗೊಮ್ಮೆ ನಕ್ಷೆಯಲ್ಲಿ ಉತ್ತರವಿಲ್ಲದ ಪ್ರಶ್ನೆ ಎದುರಾಗುತ್ತಿತ್ತು. ನಕ್ಷೆ ಬರೆದವನೇ ಎದುರಿಗಿದ್ದರೆ ಗಳಿಗೆಯಲ್ಲಿ ಬಗೆಹರಿಯುವ ಆ ಪ್ರಶ್ನೆಗಳು, ಅವನು ದೂರ ಹೋದರೆ ಕೆಲಸವನ್ನೇ ನಿಲ್ಲಿಸಿಬಿಡುತ್ತವೆ.

ಇಲ್ಲಿಂದ ಅವರ ಮನಸ್ಸಿನಲ್ಲಿ ಒಂದು ವಿಚಾರ ಬಲವಾಗಿ ನಿಂತಿತು. ಹೊಸ ಬಗೆಯ ಉಪಕರಣವನ್ನು ರೂಪಿಸುವವನು ಅದನ್ನು ಸ್ವತಃ ಕಟ್ಟಬೇಕು. ಕಟ್ಟಿದ ಮೇಲೆ ಅದರ ಮೊದಲ ಬಳಕೆದಾರನೂ ತಾನೇ ಆಗಬೇಕು. ಬಳಸುವವರಿಗೆ ಕೈಪಿಡಿಯನ್ನೂ ತಾನೇ ಬರೆಯಬೇಕು. ಕೈಪಿಡಿ ಬರೆಯುವುದನ್ನು ಬೇರೆಯವರಿಗೆ ಹೊರಿಸುವುದು ಎಲ್ಲ ಕಾರ್ಖಾನೆಗಳ ವಾಡಿಕೆ. ಕ್ನೂತರ ಅನುಭವ ಇದಕ್ಕೆ ನೇರ ವಿರುದ್ಧ. ಒಂದು ಸೌಲಭ್ಯವನ್ನು ಓದುಗರಿಗೆ ವಿವರಿಸಲು ಹೊರಟು ವಿವರಣೆ ತೊಡಕಾದಾಗ, ತೊಡಕಿರುವುದು ವಾಕ್ಯದಲ್ಲಿಯೋ ಯಂತ್ರದಲ್ಲಿಯೋ ಎಂದು ಅವರು ಕೇಳಿಕೊಳ್ಳುತ್ತಿದ್ದರು. ಎಷ್ಟೋ ಸಲ ಯಂತ್ರವನ್ನೇ ಬದಲಾಯಿಸಿ, ವಾಕ್ಯವನ್ನು ಸರಳಗೊಳಿಸಿದರು. ಈ ಎಲ್ಲ ಕೆಲಸಗಳಲ್ಲಿ ತಾವೇ ತೊಡಗದಿದ್ದರೆ ನೂರಾರು ಸುಧಾರಣೆಗಳು ಹೊಳೆಯುತ್ತಲೇ ಇರಲಿಲ್ಲವೆಂದು ಅವರು ಬರೆದಿದ್ದಾರೆ. ಅಡಿಗೆ ಮಾಡಿದವರು ತಾವೂ ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಮನೆಯಲ್ಲಿ ಸಾರಿಗೆ ಉಪ್ಪು ತಪ್ಪುವುದು ಕಡಮೆ.

ಪಂಕ್ತಿಯ ಮಾತು ಬಂದುದರಿಂದ ಟೆಕ್ಕಿನ ಒಂದು ಚಮತ್ಕಾರವನ್ನು ಅದರಿಂದಲೇ ವಿವರಿಸಬಹುದು. ಮದುವೆಯ ಮನೆಯಲ್ಲಿ ಅನುಭವವಿಲ್ಲದ ಹುಡುಗ ಬಂದವರನ್ನು ಬಂದಂತೆ ಮೊದಲ ಸಾಲಿನಲ್ಲಿ ಒತ್ತಿ ಒತ್ತಿ ಕೂರಿಸುತ್ತಾನೆ. ಕೊನೆಯ ಸಾಲಿನಲ್ಲಿ ಮೂವರೇ ಉಳಿದು ನಡುವೆ ಬಯಲು. ಹಿರಿಯರು ಹಾಗಲ್ಲ; ಒಟ್ಟು ಜನವೆಷ್ಟು, ಸಾಲೆಷ್ಟು ಎಂದು ಮೊದಲು ನೋಡಿ ಎಲ್ಲ ಸಾಲುಗಳಿಗೂ ಹಿತವಾಗಿ ಹಂಚುತ್ತಾರೆ. ಸಾಮಾನ್ಯ ಯಂತ್ರಗಳು ಪದಗಳನ್ನು ಆ ಹುಡುಗನಂತೆ ಸಾಲು ಸಾಲಾಗಿ ತುಂಬುತ್ತಿದ್ದವು. ಟೆಕ್ ಒಂದು ಪ್ಯಾರಾವನ್ನು ಇಡಿಯಾಗಿ ನೋಡುತ್ತದೆ. ಮೊದಲ ಸಾಲನ್ನು ಎಲ್ಲಿ ಮುರಿದರೆ ಕೊನೆಯ ಸಾಲಿನ ಗತಿ ಏನಾದೀತೆಂದು ಲೆಕ್ಕಹಾಕಿ, ಒಂದೊಂದು ಸಾಲಿನ ವಿಕಾರಕ್ಕೂ ದಂಡ ವಿಧಿಸಿ, ಒಟ್ಟು ದಂಡ ಎಲ್ಲಕ್ಕಿಂತ ಕಡಮೆಯಾಗುವ ಜೋಡಣೆಯನ್ನು ಆರಿಸುತ್ತದೆ. ಪ್ಲಾಸ್ ಅವರೊಡನೆ ಕ್ನೂತ್ ಈ ವಿಧಾನವನ್ನು ೧೯೮೧ರಲ್ಲಿ ಪ್ರಕಟಿಸಿದರು. ಅದರಲ್ಲಿ ಅಕ್ಷರಗಳು ‘ಪೆಟ್ಟಿಗೆಗಳು’. ನಡುವೆ ಹಿಗ್ಗಿ ಕುಗ್ಗುವ ಎಡೆಯ ಹೆಸರು ‘ಅಂಟು’. ನಿಜವಾಗಿ ಅದರ ಗುಣ ಸ್ಪ್ರಿಂಗಿನದು, ಹೆಸರು ಸರಿಯಾಗಲಿಲ್ಲ, ಆದರೆ ಅಂಟು ಎಂಬುದು ಅಂಟಿಕೊಂಡೇಬಿಟ್ಟಿತು ಎಂದು ಅವರದೇ ಹಾಸ್ಯ.

‘ಎಸ್’ ಅಕ್ಷರದ ಕಾಟ

ಜೋಡಿಸುವ ವಿದ್ಯೆಯಾಯಿತು, ಜೋಡಿಸಲು ಅಕ್ಷರಗಳು ಬೇಡವೆ? ತಮ್ಮ ಹಳೆಯ ಸಂಪುಟಗಳಲ್ಲಿದ್ದ ಅಕ್ಷರಗಳೇ ಬೇಕೆಂದು ಕ್ನೂತರ ಆಸೆ. ಒಂದು ದೊಡ್ಡ ಸಂಸ್ಥೆ ತನ್ನ ಪ್ರಯೋಗಾಲಯವನ್ನು ಬಳಸಲು ಒಪ್ಪಿತು. ಆದರೆ ತಯಾರಾದ ಅಕ್ಷರಗಳು ಸಂಸ್ಥೆಯ ಸ್ವತ್ತಾಗುತ್ತವೆಂದು ಕರಾರು. ಗಣಿತದ ಸೂತ್ರಗಳಿಗೆ ಒಡೆತನವೆಂಥದು ಎಂದು ಅವರು ಹಿಂದೆ ಸರಿದರು. ಅಚ್ಚಾದ ಪುಟಗಳ ಛಾಯಾಚಿತ್ರ ತೆಗೆದು, ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬೀಳಿಸಿ, ಅಂಚನ್ನು ಪೆನ್ಸಿಲಿನಿಂದ ಎಳೆದುಕೊಂಡದ್ದೂ ಆಯಿತು. ದೊಡ್ಡದು ಮಾಡಿದಷ್ಟೂ ಅಂಚು ಮಸುಕು. ಆಗ ತಿಳಿದುಬಂದ ವಿಷಯವಿದು: ಮಸಿಯ ಅಂಚನ್ನು ನಕಲು ಮಾಡಿ ಪ್ರಯೋಜನವಿಲ್ಲ, ಅದನ್ನು ಮೊದಲು ಕೊರೆದ ಶಿಲ್ಪಿಯ ಮನಸ್ಸಿನಲ್ಲಿದ್ದ ಉದ್ದೇಶವನ್ನು ಹಿಡಿಯಬೇಕು.

ಅದಕ್ಕಾಗಿ ಮತ್ತೆ ಓದು. ಪುಸ್ತಕ ಭಂಡಾರದಲ್ಲಿ ಕುಳಿತು ಲಿಪಿಶಿಲ್ಪದ ಹಳೆಯ ಗ್ರಂಥಗಳನ್ನು ತೆರೆದರು. ಹದಿನಾರನೆಯ ಶತಮಾನದಲ್ಲಿ ಇಟಲಿಯ ಪಚೋಲಿ, ಜರ್ಮನಿಯ ಡ್ಯೂರರ್, ಫ್ರಾನ್ಸಿನ ತೋರಿ ಮೊದಲಾದವರು ಕೈವಾರ, ಅಳತೆಪಟ್ಟಿಗಳಿಂದ ಅಕ್ಷರಗಳನ್ನು ಕಟ್ಟಲು ಹೆಣಗಿದ್ದನ್ನು ಕಂಡರು. ಗಣಿತದ ಪತ್ರಿಕೆಗಳ ಹಳೆಯ ಸಂಪುಟಗಳನ್ನು ಸಾಲಾಗಿ ಹರಡಿಕೊಂಡು, ಅಚ್ಚಿನ ಅಂದ ದಶಕದಿಂದ ದಶಕಕ್ಕೆ ಹೇಗೆ ಏರಿ ಹೇಗೆ ಇಳಿಯಿತೆಂದು ಪರೀಕ್ಷಿಸಿದರು. ೧೯೭೮ರ ಜನವರಿಯಲ್ಲಿ ಅಮೆರಿಕದ ಗಣಿತ ಸಂಘದ ಪ್ರತಿಷ್ಠಿತ ಗಿಬ್ಸ್ ಉಪನ್ಯಾಸಕ್ಕೆ ಕರೆಬಂದಾಗ ಈ ವಿಷಯವನ್ನೇ ಎತ್ತಿಕೊಂಡರು. ಸಂಘದ ಪತ್ರಿಕೆಗಳು ಈಚೆಗೆ ಕಾಣುತ್ತಿದ್ದ ರೀತಿಗೆ ಮನನೊಂದು ತಾವು ಅವಕ್ಕೆ ಲೇಖನ ಕಳಿಸುವುದನ್ನೇ ನಿಲ್ಲಿಸಿದ್ದಾಗಿ ಸಂಘದವರ ಎದುರಿನಲ್ಲಿಯೇ ಹೇಳಿದರು. ಆ ಸಂಘ ಕೋಪಿಸಿಕೊಳ್ಳದೆ ಮುಂದೆ ಟೆಕ್ಕಿನ ದೊಡ್ಡ ಬೆಂಬಲಿಗನಾದದ್ದು ಅದರ ದೊಡ್ಡತನ.

ಅಕ್ಷರಗಳನ್ನು ಬರೆಯಲು ಅವರು ನಿರ್ಮಿಸಿದ ಎರಡನೆಯ ಉಪಕರಣದ ಹೆಸರು ‘ಮೆಟಾಫಾಂಟ್’. ಒಂದು ಲೇಖನಿ ಯಾವ ದಾರಿಯಲ್ಲಿ ಸಾಗಿದರೆ ಅಕ್ಷರ ಮೂಡುತ್ತದೆಂಬುದನ್ನು ಅದಕ್ಕೆ ಸೂತ್ರರೂಪವಾಗಿ ಹೇಳಬೇಕು. ಗೆರೆಯ ದಪ್ಪ, ಅಕ್ಷರದ ಎತ್ತರ, ಸೆರಿಫಿನ ಉದ್ದ ಹೀಗೆ ೬೨ ಅಳತೆಗಳನ್ನು ಹಿಗ್ಗಿಸಿ ಕುಗ್ಗಿಸಿದರೆ ಒಂದೇ ವಿವರಣೆಯಿಂದ ಅಕ್ಷರಗಳ ಒಂದು ಬಳಗವೇ ಹುಟ್ಟುತ್ತದೆ. ಇಪ್ಪತ್ತೈದು ಅಕ್ಷರಗಳು ಹೇಗೋ ಮಣಿದವು. ‘ಎಸ್’ ಮಾತ್ರ ಮಣಿಯಲಿಲ್ಲ. ಮೇಲೊಂದು ತಿರುವು, ಕೆಳಗೊಂದು ತಿರುವು, ನಡುವೆ ಅವೆರಡನ್ನೂ ಕೂಡಿಸುವ ಓರೆಯ ಬೆನ್ನು. ಸೂತ್ರ ಬದಲಾದಂತೆಲ್ಲ ಒಂದು ಸಲ ಗೂನು, ಒಂದು ಸಲ ಬಾತುಕೊಂಡ ಹೊಟ್ಟೆ. ದಿನಗಟ್ಟಲೆ ಒದ್ದಾಡುತ್ತಿದ್ದ ಪತಿಯ ಕೆಲಸವನ್ನು ನೋಡಿದ ಜಿಲ್ ಕ್ನೂತ್ ಸಹಜವಾಗಿ ಕೇಳಿದರಂತೆ: ಅದನ್ನು ‘ಎಸ್’ ಆಕಾರದಲ್ಲಿಯೇ ಏಕೆ ಮಾಡಬಾರದು? ಆ ಒಂದೇ ಅಕ್ಷರದ ಗಣಿತವನ್ನು ಕುರಿತು ಕ್ನೂತ್ ೧೯೮೦ರಲ್ಲಿ ಒಂದು ಲೇಖನವನ್ನೇ ಪ್ರಕಟಿಸಿದರು.

ಇಷ್ಟೆಲ್ಲ ಆದ ಮೇಲೆ, ಹೊಸ ವಿಧಾನದಲ್ಲಿ ಅಚ್ಚಾದ ಎರಡನೆಯ ಸಂಪುಟ ೧೯೮೧ರಲ್ಲಿ ಕೈಗೆ ಬಂದಿತು. ಹೊರಗಿನ ರಟ್ಟು ಹಳೆಯದರಂತೆಯೇ ಇತ್ತು. ಆಸೆಯಿಂದ ತೆರೆದರು. ಮನಸ್ಸು ಕುಗ್ಗಿತು. ಅಕ್ಷರಗಳಲ್ಲಿ, ಅದರಲ್ಲಿಯೂ ಅಂಕಿಗಳಲ್ಲಿ, ಏನೋ ಸರಿಯಿಲ್ಲ. ನಾಲ್ಕು ವರ್ಷ ಹೋಗಿದ್ದವು. ಬೇರೆ ಯಾರಾದರೂ ಆಗಿದ್ದರೆ ಸಾಕೆನ್ನುತ್ತಿದ್ದರು. ಕ್ನೂತ್ ಮತ್ತೆ ಮೊದಲಿನಿಂದ ಆರಂಭಿಸಿದರು. ಈ ಸಲ ಗಣಿತವೊಂದನ್ನೇ ನೆಚ್ಚದೆ ಲಿಪಿಶಿಲ್ಪಿಗಳ ಶಿಷ್ಯರಾದರು. ಜರ್ಮನಿಯ ವಿಖ್ಯಾತ ಲಿಪಿಕಾರ ಹರ್ಮನ್ ಜಾಫ್, ಮ್ಯಾಥ್ಯೂ ಕಾರ್ಟರ್, ಚಾರ್ಲ್ಸ್ ಬಿಗೆಲೊ, ರಿಚರ್ಡ್ ಸೌತಾಲ್ ಮೊದಲಾದ ನಿಪುಣರು ಅವರ ಅಕ್ಷರಗಳ ಕುಂದುಗಳನ್ನು ಬೊಟ್ಟಿಟ್ಟು ತೋರಿಸಿದರು. ಟೆಕ್ಕನ್ನೂ ಮೆಟಾಫಾಂಟನ್ನೂ ಬುಡದಿಂದ ಮತ್ತೊಮ್ಮೆ ಬರೆದರು. ೧೯೮೬ರಲ್ಲಿ ಐದು ಸಂಪುಟಗಳಾಗಿ ಅವುಗಳ ಸಮಗ್ರ ವಿವರ ಹೊರಬಂದಾಗಲೇ ಆ ಕಾರ್ಯಕ್ಕೆ ಮಂಗಳ.

ತಪ್ಪಿನ ದಿನಚರಿ

ಆ ಐದರಲ್ಲಿ ಒಂದು ಸಂಪುಟ ವಿಲಕ್ಷಣವಾದದ್ದು. ಸುಮಾರು ೬೦೦ ಪುಟಗಳ ಅದರಲ್ಲಿ ಟೆಕ್ಕಿನ ಪ್ರೋಗ್ರಾಮನ್ನು ಆದ್ಯಂತವಾಗಿ, ಮನುಷ್ಯರು ಕುಳಿತು ಓದುವ ಗ್ರಂಥವಾಗಿ ಅಚ್ಚು ಹಾಕಿದ್ದಾರೆ. ಪ್ರೋಗ್ರಾಮು ಬರೆಯುವವನು ತಾನು ಯಂತ್ರಕ್ಕೆ ಆಜ್ಞೆ ಮಾಡುತ್ತಿದ್ದೇನೆಂದು ಭಾವಿಸದೆ, ಯಂತ್ರದಿಂದ ತಾನು ಮಾಡಿಸಬಯಸುವುದನ್ನು ಇನ್ನೊಬ್ಬ ಮನುಷ್ಯನಿಗೆ ಪ್ರಬಂಧದಂತೆ ವಿವರಿಸುತ್ತಿದ್ದೇನೆಂದು ಭಾವಿಸಬೇಕೆಂಬುದು ೧೯೮೪ರಲ್ಲಿ ಅವರು ಮಂಡಿಸಿದ ವಾದ. ಕೇಸ್ ಸಂಸ್ಥೆಯ ತರುಣನಿಗೆ ಪ್ರೋಗ್ರಾಮನ್ನು ಓದಿ ಆದ ಸುಖವೇ ಇಲ್ಲಿ ಸಿದ್ಧಾಂತವಾಗಿ ಫಲಿಸಿದೆ. ಅವಸರದ ಉದ್ಯಮಗಳು ಇದನ್ನು ಅಷ್ಟಾಗಿ ಅನುಸರಿಸಿಲ್ಲ. ಅದರಿಂದ ವಾದದ ಬೆಲೆಯೇನೂ ತಗ್ಗಿಲ್ಲ.

ತಯಾರಕರೆಲ್ಲ ತಮ್ಮ ತಪ್ಪುಗಳನ್ನು ಮುಚ್ಚಿಡುತ್ತಾರೆ. ಕ್ನೂತ್ ೧೯೭೮ರಿಂದಲೇ ತಮ್ಮ ಒಂದೊಂದು ತಪ್ಪನ್ನೂ ದಿನಚರಿಯಂತೆ ಬರೆದಿಟ್ಟು, ೧೯೮೯ರಲ್ಲಿ ಅದನ್ನು ಪ್ರಕಟಿಸಿಯೇಬಿಟ್ಟರು. ತಪ್ಪುಗಳನ್ನು ಹದಿನೈದು ಜಾತಿಗಳಾಗಿ ವಿಂಗಡಿಸಿದ್ದರು: ಮರೆವು, ಕೈತಪ್ಪು, ಮೂಢತನ, ಅನಿರೀಕ್ಷಿತ ಇತ್ಯಾದಿ. ಅವರ ಪುಸ್ತಕಗಳಲ್ಲಿ ತಪ್ಪು ಕಂಡು ತಿಳಿಸಿದವರಿಗೆ ೨ ಡಾಲರು ೫೬ ಸೆಂಟಿನ ಚೆಕ್ಕು ಬಹುಮಾನ. ೨೫೬ ಎಂಬುದು ಗಣಕಗಳ ಲೆಕ್ಕದಲ್ಲಿ ಶುಭಸಂಖ್ಯೆ. ಟೆಕ್ಕಿನಲ್ಲಿ ತಪ್ಪು ಹುಡುಕಿದವರಿಗೆ ವರ್ಷ ವರ್ಷ ಇಮ್ಮಡಿಸುತ್ತ ಹೋದ ಬಹುಮಾನ ೩೨೭ ಡಾಲರು ೬೮ ಸೆಂಟಿಗೆ ಬಂದು ನಿಂತಿತು. ಅನೇಕರು ಆ ಚೆಕ್ಕನ್ನು ಬ್ಯಾಂಕಿಗೆ ಒಯ್ಯದೆ ಕಟ್ಟುಹಾಕಿಸಿ ಗೋಡೆಗೆ ನೇತುಹಾಕಿದರು. ೨೦೦೮ರಿಂದ, ಮೋಸಗಾರರ ಕಾಟಕ್ಕಂಜಿ, ಅವರು ಒಂದು ಕಾಲ್ಪನಿಕ ಬ್ಯಾಂಕಿನ ಪ್ರಮಾಣಪತ್ರಗಳನ್ನು ಕಳಿಸುತ್ತಿದ್ದಾರೆ. ಅದಕ್ಕೂ ಅಷ್ಟೇ ಬೇಡಿಕೆ.

ಟೆಕ್ಕನ್ನು ಅವರು ಮಾರಲಿಲ್ಲ. ಲೋಕಕ್ಕೆ ಉಚಿತವಾಗಿ ಬಿಟ್ಟುಕೊಟ್ಟರು. ಲೆಸ್ಲಿ ಲ್ಯಾಂಪೋರ್ಟ್ ಎಂಬ ಇನ್ನೊಬ್ಬ ವಿದ್ವಾಂಸರು ಅದರ ಮೇಲೆ ‘ಲೇಟೆಕ್’ ಎಂಬ ಸುಲಭವಾದ ಪದರವೊಂದನ್ನು ಕಟ್ಟಿದ ಮೇಲೆ ಗಣಿತ, ಭೌತವಿಜ್ಞಾನಗಳ ಲೇಖಕರೆಲ್ಲ ಅದಕ್ಕೆ ಒಗ್ಗಿದರು. ಈ ಪದರ ಬೇಕಾದದ್ದರಲ್ಲಿಯೇ ಕ್ನೂತರ ತತ್ತ್ವದ ಒಂದು ಮಿತಿಯೂ ಕಾಣುತ್ತದೆ. ತಯಾರಕನೇ ಮೊದಲ ಬಳಕೆದಾರನಾದರೆ ಉಪಕರಣ ಅವನ ಕೈಗೆ ಚೆನ್ನಾಗಿ ಹೊಂದುತ್ತದೆ. ಆದರೆ ಎಲ್ಲರ ಕೈಯೂ ಕ್ನೂತರ ಕೈಯಲ್ಲ. ಬರೆದದ್ದು ಪರದೆಯ ಮೇಲೆ ಕೂಡಲೇ ಅಚ್ಚಿನಂತೆ ಕಾಣಲಿ ಎನ್ನುವ ಸಾಮಾನ್ಯರಿಗೆ, ಆಜ್ಞೆಗಳನ್ನು ಬೆರಳಚ್ಚು ಮಾಡಿ ಆಮೇಲೆ ಪುಟವನ್ನು ನೋಡುವ ಈ ಪದ್ಧತಿ ಇಂದಿಗೂ ಕಬ್ಬಿಣದ ಕಡಲೆಯೇ.

ಮೂಲತಃ ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿಯಾದ ಟೆಕ್, ಒತ್ತಕ್ಷರ ಗುಣಿತಾಕ್ಷರಗಳ ನಮ್ಮ ಲಿಪಿಗೆ ಒಗ್ಗಲು ಕಾಲ ಹಿಡಿಯಿತು. ೨೦೦೪ರಲ್ಲಿ ಜೊನಾಥನ್ ಕ್ಯೂ ಎಂಬವರು ‘ಝೀಟೆಕ್’ ಎಂಬ ರೂಪಾಂತರವನ್ನು ಹೊರತಂದರು. ಅಂಥ ರೂಪಾಂತರಗಳಿಂದ, ಕನ್ನಡವನ್ನು ಇತರ ಕಡೆ ಬರೆಯುವ ಯೂನಿಕೋಡ್ ಕ್ರಮದಲ್ಲಿಯೇ ಬರೆದು ಟೆಕ್ಕಿನ ಜೋಡಣೆಯನ್ನು ಪಡೆಯಲು ಇಂದು ಸಾಧ್ಯವಾಗಿದೆ. ಕನ್ನಡದ ಪದವನ್ನು ಸಾಲಿನ ಕೊನೆಯಲ್ಲಿ ಎಲ್ಲೆಲ್ಲಿ ಒಡೆಯಬಹುದೆಂಬ ನಿಯಮಾವಳಿಯೂ ಟೆಕ್ಕಿನ ಸಾಮಗ್ರಿಯಲ್ಲಿ ಸೇರಿದೆ.

ನಷ್ಟವೆಷ್ಟು?

ಕ್ನೂತ್ ತೆತ್ತ ಬೆಲೆ ಸಣ್ಣದಲ್ಲ. ಮೂವತ್ತೊಂಬತ್ತರಿಂದ ನಲವತ್ತೆಂಟರ ವರೆಗಿನ, ವಿದ್ವಾಂಸನ ಬಾಳಿನ ಹುರುಪಿನ ವರ್ಷಗಳು ಅಕ್ಷರಗಳಿಗೆ ಸಂದವು. ನಾಲ್ಕನೆಯ ಸಂಪುಟಕ್ಕಾಗಿ ಕಾದು ಕುಳಿತಿದ್ದ ವಿದ್ಯಾರ್ಥಿಗಳು ಪ್ರಾಧ್ಯಾಪಕರಾದರು, ಕೆಲವರು ನಿವೃತ್ತರೂ ಆದರು. ೧೯೯೦ರ ಜನವರಿ ಒಂದರಿಂದ ಅವರು ಇ-ಮೇಲ್ ಓದುವುದನ್ನೇ ಬಿಟ್ಟರು. ೧೯೯೩ರಲ್ಲಿ, ಬರವಣಿಗೆಗಾಗಿಯೇ, ಅವಧಿಗೆ ಮೊದಲೇ ನಿವೃತ್ತರಾದರು. ಆದರೂ ನಾಲ್ಕನೆಯ ಸಂಪುಟದ ಮೊದಲ ಭಾಗ ಬಂದದ್ದು ೨೦೧೧ರಲ್ಲಿ. ಎರಡನೆಯ ಭಾಗ ೨೦೨೨ರಲ್ಲಿ. ಮೂರನೆಯ ಸಂಪುಟಕ್ಕೂ ಆ ಮೊದಲ ಭಾಗಕ್ಕೂ ನಡುವೆ ಮೂವತ್ತೆಂಟು ವರ್ಷಗಳ ಅಂತರ. ಏಳೂ ಸಂಪುಟಗಳು ಮುಗಿದಾವೆಂದು ಈಗ ಯಾರೂ ಧೈರ್ಯವಾಗಿ ಹೇಳಲಾರರು.

ಆ ನಷ್ಟವನ್ನು ತೂಗಲು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿಡಬೇಕು? ತನ್ನ ಪುಸ್ತಕ ಚೆಂದ ಕಾಣಲೆಂದು ಒಬ್ಬರು ಹೊರಟದ್ದರಿಂದ, ಜಗತ್ತಿನ ಎಲ್ಲ ಗಣಿತಜ್ಞರ ಪುಸ್ತಕಗಳೂ ಚೆಂದವಾದವು. ಯಾವ ಊರಿನ ಬಡ ಸಂಶೋಧನ ವಿದ್ಯಾರ್ಥಿಯೂ ಇಂದು ಕಾಸು ಖರ್ಚಿಲ್ಲದೆ, ಹಿಂದೆ ಶ್ರೀಮಂತ ಪ್ರಕಾಶಕರಿಗೆ ಮಾತ್ರ ಸಾಧ್ಯವಿದ್ದ ಅಂದದಲ್ಲಿ ತನ್ನ ಪ್ರಬಂಧವನ್ನು ಜೋಡಿಸಿಕೊಳ್ಳಬಲ್ಲ. ಕ್ನೂತರ ಓದುಗರಿಗೆ ಒಂದೆರಡು ಸಂಪುಟ ಕಡಮೆಯಾಗಿರಬಹುದು. ಇತರರ ಓದುಗರಿಗೆ ಆದ ಲಾಭ ಎಣಿಕೆಗೆ ಸಿಕ್ಕುವಂಥದಲ್ಲ.

ಟೆಕ್ಕಿಗೆ ಹೊಸ ಸೌಲಭ್ಯಗಳನ್ನು ಸೇರಿಸುವುದನ್ನು ಅವರು ೧೯೯೦ರಲ್ಲಿಯೇ ನಿಲ್ಲಿಸಿದರು. ಅಂದು ಜೋಡಿಸಿದ ಪುಟ ಮುಂದೆಯೂ ಹಾಗೆಯೇ ಮೂಡಬೇಕೆಂಬುದು ಅವರ ಪಟ್ಟು. ಉಳಿದಿರುವುದು ತಪ್ಪು ತಿದ್ದುವ ಕೆಲಸ ಮಾತ್ರ. ಅದಕ್ಕೂ ನಿಯಮಿತ ಕಾಲವುಂಟು: ೨೦೦೮, ೨೦೧೪, ೨೦೨೧, ಹೀಗೆ ಅಂತರ ಒಂದೊಂದು ವರ್ಷ ಬೆಳೆಯುತ್ತ ಹೋಗುತ್ತದೆ. ತಿದ್ದಿದಾಗಲೆಲ್ಲ ಟೆಕ್ಕಿನ ಕ್ರಮಸಂಖ್ಯೆಗೆ ಒಂದು ಅಂಕಿ ಸೇರಿ ಅದು ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವನ್ನು, ಶಾಲೆಯ ಮಕ್ಕಳಿಗೂ ಪರಿಚಿತವಾದ ‘ಪೈ’ಯನ್ನು, ಸಮೀಪಿಸುತ್ತದೆ. ೨೦೨೧ರಲ್ಲಿ ಅದು ೩.೧೪೧೫೯೨೬೫೩ ಆಯಿತು. ತಾವು ತೀರಿಕೊಂಡ ದಿನ ಸಂಖ್ಯೆಯನ್ನು ನೇರವಾಗಿ ಪೈ ಎಂದೇ ಬದಲಾಯಿಸಿ, ಆಗ ಉಳಿದಿರುವ ತಪ್ಪುಗಳನ್ನೆಲ್ಲ ಟೆಕ್ಕಿನ ಲಕ್ಷಣಗಳೆಂದು ಸಾರಬೇಕೆಂದು ಅವರು ಬರೆದಿಟ್ಟಿದ್ದಾರೆ. ಮುಂದಿನ ತಿದ್ದುಪಡಿ ೨೦೨೯ಕ್ಕೆ ಗೊತ್ತಾಗಿದೆ. ಆ ಜನವರಿಗೆ ಅವರಿಗೆ ತೊಂಬತ್ತೊಂದು ತುಂಬುತ್ತದೆ.